ವೈದ್ಯರಾದ ಕಾಲ್ಚೆಂಡಾಟಗಾರ: ಡಾ. ತಾಲಿಮೆರೆನ್ ಆವೋ



1948ರ ಜುಲೈ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದುವು. ಸ್ವತಂತ್ರ ಭಾರತವು ತನ್ನದೇ ಧ್ವಜದ ಅಡಿಯಲ್ಲಿ ಪಾಲ್ಗೊಂಡ ಮೊದಲ ಒಲಿಂಪಿಕ್ಸ್ ಅದು. ತ್ರಿವರ್ಣ ಧ್ವಜವನ್ನು ಸಂವಿಧಾನ ಸಭೆ ಅಂಗೀಕರಿಸಿ ಆಗ ವರ್ಷವೊಂದಷ್ಟೇ ಕಳೆದಿತ್ತು. ಆ ಧ್ವಜವನ್ನು ಹಿಡಿದು ಭಾರತೀಯರ ಮುಂದೆ ನಡೆದವರು ಕಾಲ್ಚೆಂಡು ತಂಡದ ನಾಯಕ ತಾಲಿಮೆರೆನ್ ಆವೋ. ನಾಗಾ ಬೆಟ್ಟಗಳಿಂದ ಬಂದವರು, ವಯಸ್ಸು ಮೂವತ್ತು. ಅವರ ಉದ್ಯೋಗವೇನೆಂದು ಅಂದು ಯಾರಾದರೂ ಕೇಳಿದ್ದರೆ ವಿದ್ಯಾರ್ಥಿಯೆಂದೇ ಉತ್ತರ ಬರಬೇಕಾಗಿತ್ತು. ಕಲಕತ್ತೆಯ ವೈದ್ಯಕೀಯ ಕಾಲೇಜನ್ನು ಅವರು ಸೇರಿ ಆರು ವರ್ಷಗಳಾಗಿದ್ದುವು. ಪದವಿ ಕೈಗೆ ಬರಲು ಇನ್ನೂ ಎರಡು ವರ್ಷಗಳಿದ್ದುವು.

ಮೂವತ್ತರ ವಯಸ್ಸಿನಲ್ಲಿ ದೇಶದ ನಾಯಕನೂ ಆಗಿ, ಓದು ಮುಗಿಸದ ವಿದ್ಯಾರ್ಥಿಯೂ ಆಗಿ ನಿಂತ ಈ ಮನುಷ್ಯನ ಜೀವನ ಶಿಕ್ಷಕರು ಬಿಡುವಾಗಿ ಕುಳಿತು ಯೋಚಿಸತಕ್ಕದ್ದು. ಆಟದ ಹುಚ್ಚು ಹಿಡಿದವನಿಗೆ ವಿದ್ಯೆ ಹತ್ತದು ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಎಷ್ಟು ಸಲ ಕೇಳಿಬಂದಿದೆಯೋ ಲೆಕ್ಕವಿಲ್ಲ. ಆ ಮಾತು ಪೂರ್ಣ ಸುಳ್ಳೂ ಅಲ್ಲ. ಆಟ ಓದಿನ ಕಾಲವನ್ನು ತಿನ್ನುತ್ತದೆ. ತಾಲಿಮೆರೆನ್ನರ ಕಾಲವನ್ನೂ ತಿಂದಿರಬೇಕು. ಆದರೆ ಓದು ತಡವಾಗುವುದು ಬೇರೆ, ತಪ್ಪಿಹೋಗುವುದು ಬೇರೆ. ಅವರ ಬದುಕಿನ ತಿರುಳು ಈ ವ್ಯತ್ಯಾಸದಲ್ಲಿದೆ.

ತಾಲಿಮೆರೆನ್ ಹುಟ್ಟಿದ್ದು 1918ರ ಜನವರಿ 28ರಂದು, ಚಾಂಗ್ಕಿ ಎಂಬ ಊರಿನಲ್ಲಿ. ಈಗ ಅದು ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಜಿಲ್ಲೆಗೆ ಸೇರಿದೆ. ಆಗ ಆ ಸೀಮೆಯೆಲ್ಲ ಅಸ್ಸಾಮಿನ ನಾಗಾ ಹಿಲ್ಸ್ ಜಿಲ್ಲೆಯ ಭಾಗವಾಗಿತ್ತು. ಆವೋ ಎನ್ನುವುದು ಅವರ ಮನೆತನದ ಹೆಸರಲ್ಲ, ಅವರ ಜನಾಂಗದ ಹೆಸರು. ತಂದೆ ಸುಬೊಂಗ್‌ವಾಟಿ ನಿಂಗ್‌ದಾರಿ ಕ್ರೈಸ್ತ ಧರ್ಮೋಪದೇಶಕರು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ನು 1894ರಲ್ಲಿ ಇಂಪುರ್ ಎಂಬಲ್ಲಿ ನೆಲೆಯೂರಿತ್ತು. ಅಲ್ಲಿ ಶಾಲೆಯಿತ್ತು, ಪ್ರಾರ್ಥನಾ ಮಂದಿರವಿತ್ತು. ತಂದೆಯ ಸೇವೆ ಇಂಪುರಿನ ಮಿಷನ್ ವಠಾರಕ್ಕೆ ಬಂದುದರಿಂದ ಮಗನ ಬಾಲ್ಯವೂ ಅಲ್ಲಿಯೇ ಕಳೆಯಿತು.

ಭಾಷೆಯ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆವೋ ನುಡಿ ಒಂದೇ ಬಗೆಯದಲ್ಲ. ಮಿಷನ್ನಿನವರು ರೋಮನ್ ಲಿಪಿಯನ್ನು ಅಳವಡಿಸಿ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದು ಚುಂಗ್ಲಿ ಎಂಬ ಪ್ರಭೇದದಲ್ಲಿ. ಶಾಲೆಯ ಪಾಠಕ್ಕೂ ದೇವರ ಪ್ರಾರ್ಥನೆಗೂ ಅದೇ ಪ್ರಮಾಣವಾಯಿತು. ಚಾಂಗ್ಕಿ ಊರಿನ ಆಡುಮಾತಾದರೋ ಅದರಿಂದ ಸಾಕಷ್ಟು ಬೇರೆ. ಎಂದರೆ, ಆ ಊರಿನ ಮಗುವಿಗೆ ತನ್ನ ಜನಾಂಗದ ಬರೆಹದ ಭಾಷೆಯೇ ಅರ್ಧ ಹೊಸತು. ಬೆಟ್ಟ ಇಳಿದರೆ ಬಯಲಿನಲ್ಲಿ ಅಸ್ಸಾಮಿ, ಕಾಲೇಜಿನಲ್ಲಿ ಇಂಗ್ಲಿಷು, ಇನ್ನೂ ಮುಂದೆ ಕಲಕತ್ತೆಯಲ್ಲಿ ಬಂಗಾಳಿ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು, ಸರಕಾರಿ ಅರ್ಜಿಯಲ್ಲಿ ಮತ್ತೊಂದು ಎಂಬ ಪಾಡು ಗಡಿಯ ಶಾಲೆಗಳಲ್ಲಿ ಪಾಠ ಹೇಳುವವರಿಗೆ ವಿವರಿಸಿ ತಿಳಿಸಬೇಕಾದುದಲ್ಲ. ತಾಲಿಮೆರೆನ್ ಈ ಎಲ್ಲ ಮೆಟ್ಟಿಲುಗಳನ್ನೂ ಒಂದೊಂದಾಗಿ ಹತ್ತಿದವರು. ಯಾವ ಮೆಟ್ಟಿಲಲ್ಲಿಯೂ ಅವರ ಜನ ಹೆಚ್ಚು ಸಂಖ್ಯೆಯಲ್ಲಿರಲಿಲ್ಲ.

ಆಟ ಶುರುವಾದುದು ಇಂಪುರಿನ ಮಿಷನ್ ಬಯಲಿನಲ್ಲಿ, ಹಳೆಯ ಬಟ್ಟೆಯ ತುಂಡುಗಳನ್ನು ಬಿಗಿದು ಕಟ್ಟಿದ ಚೆಂಡಿನಿಂದ. ಅಂಥ ಚೆಂಡು ಪುಟಿಯುವುದಿಲ್ಲ. ಅದನ್ನು ಕಾಲಿನ ಹತ್ತಿರವೇ ಇಟ್ಟುಕೊಂಡು ಸಾಗಿಸಬೇಕು. ಹಾಗೆ ಆಡಿ ಬೆಳೆದ ಹುಡುಗ ಮುಂದಿನ ಓದಿಗಾಗಿ ಜೋರ್ಹಾಟಿನ ಮಿಷನ್ ಪ್ರೌಢಶಾಲೆಗೆ ಬಂದನು. 1935ರಲ್ಲಿ ತಂದೆ ವಿಷಮಶೀತ ಜ್ವರದಿಂದ ತೀರಿಕೊಂಡರು. ಮಗ ವೈದ್ಯನಾಗಬೇಕು, ಕಲಿತು ಬಂದು ತನ್ನ ಜನಕ್ಕೆ ಚಿಕಿತ್ಸೆ ನೀಡಬೇಕು ಎಂಬುದು ಆ ತಂದೆಯ ಆಸೆಯಾಗಿತ್ತು. ಹದಿನೇಳರ ಹುಡುಗನ ಮೇಲೆ ಆ ಆಸೆ ಋಣವಾಗಿ ಉಳಿಯಿತು. ವಿಷಮಶೀತಕ್ಕೆ ಗುಣಪಡಿಸುವ ಔಷಧಿ ಆ ಕಾಲದಲ್ಲಿ ಎಲ್ಲಿಯೂ ಇರಲಿಲ್ಲ. ಪಥ್ಯ, ಶುಶ್ರೂಷೆ, ದೈವ, ಇಷ್ಟೇ. ಬೆಟ್ಟದ ಊರುಗಳಲ್ಲಿ ಶುಶ್ರೂಷೆಗೂ ಕೊರತೆ. ಮಗನು ವೈದ್ಯನಾಗಬೇಕೆಂದು ತಂದೆ ಬಯಸಿದ್ದು ಮನೆಯ ಗೌರವಕ್ಕಾಗಿಯಲ್ಲ, ಊರಿನ ಅಗತ್ಯವನ್ನು ಕಣ್ಣಾರೆ ಕಂಡಿದ್ದರಿಂದ ಎಂದು ತಿಳಿಯುವುದೇ ಸರಿ.

ಮುಂದೆ ಗುವಾಹಟಿಯ ಕಾಟನ್ ಕಾಲೇಜು. ಅಲ್ಲಿ ಓದಿನ ಜೊತೆಗೆ ಆಟವೂ ಬಲಿಯಿತು. ಊರಿನ ಮಹಾರಾಣಾ ಕ್ಲಬ್ಬಿನ ಪರವಾಗಿ ಅವರು ಮುಂಚೂಣಿಯಲ್ಲಿ ಆಡತೊಡಗಿದರು. ಆ ತಂಡದಲ್ಲಿ ಶರತ್ ದಾಸ್ ಎಂಬ ಜೊತೆಗಾರರ ಸ್ನೇಹವಾಯಿತು. ಇವರಿಬ್ಬರೂ ಮುಂದೆ ಕಲಕತ್ತೆಯ ಮೋಹನ್ ಬಗಾನ್ ತಂಡದಲ್ಲಿ ಮತ್ತೆ ಜೊತೆಯಾದರು.

1942ರಲ್ಲಿ ತಾಲಿಮೆರೆನ್ನರಿಗೆ ಕಲಕತ್ತೆಯ ಕಾರ್‌ಮೈಕೇಲ್ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. ಇಂದು ದೇಶವೆಲ್ಲ ಬಲ್ಲ ಆರ್. ಜಿ. ಕರ್ ವೈದ್ಯಕೀಯ ಕಾಲೇಜು ಇದೇ. 1948ರ ಮೇ ತಿಂಗಳಲ್ಲಿ, ಎಂದರೆ ತಾಲಿಮೆರೆನ್ ಲಂಡನ್ನಿಗೆ ಹೋದ ವರ್ಷವೇ, ಅದಕ್ಕೆ ಸ್ಥಾಪಕರ ಹೆಸರನ್ನು ಇಡಲಾಯಿತು. ಕಾಲೇಜಿರುವುದು ನಗರದ ಉತ್ತರಕ್ಕೆ, ಬೆಲ್ಗಾಛಿಯಾದಲ್ಲಿ. ಕ್ಲಬ್ಬುಗಳ ಆಟದ ಬಯಲುಗಳಿರುವುದು ನಡುನಗರದ ಮೈದಾನದಲ್ಲಿ. ಬೆಳಗ್ಗೆ ಶವಚ್ಛೇದನದ ಕೋಣೆ, ಆಸ್ಪತ್ರೆಯ ವಾರ್ಡು, ಸಂಜೆ ಮೈದಾನ. 1943ರಲ್ಲಿ ಅವರು ಮೋಹನ್ ಬಗಾನ್ ತಂಡವನ್ನು ಸೇರಿದರು; ಆ ತಂಡವನ್ನು ಬಿಟ್ಟದ್ದು 1952ರಲ್ಲಿ.

ಮೋಹನ್ ಬಗಾನ್ ಎಂಬ ಹೆಸರಿನ ತೂಕವನ್ನು ಹೇಳದೆ ಮುಂದುವರಿಯುವಂತಿಲ್ಲ. 1911ರಲ್ಲಿ ಈ ತಂಡ ಈಸ್ಟ್ ಯಾರ್ಕ್‌ಷೈರ್ ಎಂಬ ಬ್ರಿಟಿಷ್ ಸೇನಾದಳದ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತ್ತು. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಬಂಗಾಳದ ಮನೆಮನೆಗಳಲ್ಲಿ ಆ ಕಥೆಯನ್ನು ಇಂದಿಗೂ ಪುರಾಣದಂತೆ ಹೇಳುತ್ತಾರೆ. ಅಂಥ ತಂಡಕ್ಕೆ ದೂರದ ನಾಗಾ ಬೆಟ್ಟಗಳ ಹುಡುಗ ಬಂದು ಸೇರಿ, ಕಾಲಕ್ರಮದಲ್ಲಿ ಅದರ ನಾಯಕನೂ ಆದನೆಂದರೆ ಅದು ಸಣ್ಣ ಮಾತಲ್ಲ. ಗೋಲು ಹೊಡೆಯುವ ಮುಂಚೂಣಿಯ ಆಟಗಾರನಾಗಿ ಬಂದವರನ್ನು ತಂಡ ಹಿಂದಕ್ಕೆ ಸರಿಸಿ ಎದುರಾಳಿಯ ದಾಳಿಯನ್ನು ನಡುವಿನಲ್ಲಿಯೇ ತಡೆಯುವ ಸ್ಥಾನದಲ್ಲಿ ನಿಲ್ಲಿಸಿತು. ಆ ಸ್ಥಾನದವನ ಹೆಸರು ಪತ್ರಿಕೆಯ ತಲೆಬರೆಹಕ್ಕೆ ಬರುವುದು ಅಪರೂಪ. ಗೋಲು ಹೊಡೆದವನನ್ನು ಎಲ್ಲರೂ ಬಲ್ಲರು. ಆಗಬಹುದಾಗಿದ್ದ ಗೋಲನ್ನು ಆಗದಂತೆ ನೋಡಿಕೊಂಡವನನ್ನು ಆಟ ಬಲ್ಲವರು ಮಾತ್ರ ಬಲ್ಲರು. ತಾಲಿಮೆರೆನ್ ಆ ಕೆಲಸವನ್ನು ಒಪ್ಪಿಕೊಂಡು ಅದರಲ್ಲಿಯೇ ದೇಶದ ಮುಂಚೂಣಿಗೆ ಬಂದರು.

ಅವರ ಕಲಕತ್ತೆಯ ವರ್ಷಗಳು ಎಂಥವು ಎಂಬುದನ್ನೂ ನೆನೆಯಬೇಕು. 1942ರ ಡಿಸೆಂಬರಿನಲ್ಲಿ ಜಪಾನೀ ವಿಮಾನಗಳು ನಗರದ ಮೇಲೆ ಬಾಂಬು ಹಾಕಿದುವು. 1943ರಲ್ಲಿ ಬಂಗಾಳದ ಮಹಾಕ್ಷಾಮ. ಹಳ್ಳಿಗಳಿಂದ ನಡೆದು ಬಂದ ಜನ ಕಲಕತ್ತೆಯ ಬೀದಿಗಳಲ್ಲಿಯೇ ಬಿದ್ದು ಸತ್ತರು. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಯುದ್ಧ ಅವರದೇ ಸೀಮೆಗೆ ಬಂದಿತು. ಕೊಹಿಮಾ ಊರು ಫಿರಂಗಿಗಳಿಗೆ ಸಿಕ್ಕಿ ಪುಡಿಯಾಯಿತು. 1946ರ ಆಗಸ್ಟಿನಲ್ಲಿ ನಗರದೊಳಗಿನ ಕೋಮುಗಲಭೆ. ಮರುವರ್ಷ ದೇಶದ ವಿಭಜನೆ. ವೈದ್ಯ ವಿದ್ಯಾರ್ಥಿಗಳಿಗೆ ಆ ಕಾಲದಲ್ಲಿ ಪುಸ್ತಕದಲ್ಲಿ ಓದುವುದಕ್ಕಿಂತ ಬೀದಿಯಲ್ಲಿ ಕಾಣುವುದೇ ಹೆಚ್ಚಾಗಿತ್ತು. ಇಷ್ಟರ ನಡುವೆ ಮೋಹನ್ ಬಗಾನ್ 1943 ಮತ್ತು 1944ರಲ್ಲಿ ಕಲಕತ್ತಾ ಲೀಗನ್ನು ಗೆದ್ದಿತು. 1947ರಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು ಸೋಲಿಸಿ, 1911ರ ನಂತರ ಮೊದಲ ಬಾರಿಗೆ ಶೀಲ್ಡನ್ನು ಮರಳಿ ಪಡೆಯಿತು. 1942ರಲ್ಲಿ ಆರಂಭವಾದ ಓದು 1950ರಲ್ಲಿ ಮುಗಿಯಿತೆಂದು ಕೇಳಿದವರು ಎಂಟು ವರ್ಷವೇ ಎಂದು ಹುಬ್ಬೇರಿಸುವ ಮುನ್ನ ಆ ಎಂಟು ವರ್ಷಗಳಲ್ಲಿ ಏನೇನು ಅಡಗಿತ್ತೆಂಬುದನ್ನು ಎಣಿಸಬೇಕು.

ಈಗಿನ ಮಕ್ಕಳು ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ: ಆಟದಿಂದ ಅವರಿಗೆ ಎಷ್ಟು ಹಣ ಬರುತ್ತಿತ್ತು? ಅಂದಿನ ಕಲಕತ್ತೆಯ ಕಾಲ್ಚೆಂಡಾಟ, ಕನಿಷ್ಠ ಕಾಗದದ ಮೇಲೆ, ಹವ್ಯಾಸಿಗಳ ಆಟ. ಸಂಬಳ ಪಡೆದು ಆಡುವುದು ನಿಯಮಕ್ಕೆ ವಿರುದ್ಧ. ಆಟಗಾರರು ಹೊಟ್ಟೆಪಾಡಿಗೆ ರೈಲ್ವೆಯಲ್ಲಿಯೋ ಕಚೇರಿಯಲ್ಲಿಯೋ ಕೆಲಸ ಹುಡುಕಿಕೊಳ್ಳಬೇಕಾಗಿತ್ತು. ಒಲಿಂಪಿಕ್ಸಿನ ಕಟ್ಟಳೆ ಇನ್ನೂ ಬಿಗಿ. ವೃತ್ತಿಪರ ಆಟಗಾರನಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ವೃತ್ತಿಪರ ಕಾಲ್ಚೆಂಡಾಟ 1885ರಿಂದಲೇ ನ್ಯಾಯಬದ್ಧವಾಗಿ ನೆಲೆಗೊಂಡಿತ್ತು. ಈ ಅಂತರವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಲಂಡನ್ನಿನ ಕಥೆ ಚೆನ್ನಾಗಿ ತಿಳಿಯುತ್ತದೆ.

ಆ ವರ್ಷದ ಭಾರತ ತಂಡದಲ್ಲಿ ಬಂಗಾಳದವರೊಂದಿಗೆ ದಕ್ಷಿಣದವರೂ ಇದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್ ಇದ್ದರು. ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್ ಇದ್ದರು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಬಂಗಾಳದ ಕೈಯಿಂದ ಗೆದ್ದುಕೊಂಡು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡ್‌ನಲ್ಲಿ ಭಾರತಕ್ಕೆ ಫ್ರಾನ್ಸ್ ಎದುರಾಯಿತು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಬಯಲಿಗೆ ಇಳಿದರು. ಮೊದಲಾರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿದೂಗಿಸಿದರು. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಬಿದ್ದ ಮೊದಲ ಗೋಲು ಅದು. ಹೊಡೆದವರು ಮೈಸೂರಿನ ಆಟಗಾರ. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದುವು, ಎರಡೂ ವ್ಯರ್ಥವಾದುವು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆಯಿತು. ಎರಡಕ್ಕೆ ಒಂದರಿಂದ ಸೋಲು.

ಬರಿಗಾಲಿನ ಕಾರಣವನ್ನು ಪತ್ರಕರ್ತರು ಕೇಳಿದಾಗ ನಾಯಕನು ಕೊಟ್ಟ ಉತ್ತರ ಆಟಕ್ಕಿಂತ ಹೆಚ್ಚು ಕಾಲ ಉಳಿದಿದೆ. ಭಾರತದಲ್ಲಿ ಆಡುವುದು ಫುಟ್‌ಬಾಲ್, ಇಲ್ಲಿಯವರು ಆಡುವುದು ಬೂಟ್‌ಬಾಲ್ ಎಂಬರ್ಥದಲ್ಲಿ ಅವರು ಹೇಳಿದರೆಂದು ಪ್ರಸಿದ್ಧಿಯಿದೆ. ಭಾಷೆ ಕಲಿಸುವವರು ಈ ಮಾತನ್ನು ಇನ್ನೊಂದು ಬದಿಯಿಂದಲೂ ಸವಿಯಬಹುದು. ಇಂಗ್ಲಿಷು ಹುಟ್ಟಿದ ನೆಲದಲ್ಲಿ, ಇಂಗ್ಲಿಷರ ಮುಂದೆ, ಅವರದೇ ಪದವನ್ನು ಒಡೆದು ಅದರೊಳಗಿನ ಪಾದವನ್ನು ತೋರಿಸಿದವರು ಚಾಂಗ್ಕಿಯ ಮನೆಮಾತಿನಿಂದ ಹೊರಟು ಎರಡು ಮೂರು ಭಾಷೆಗಳನ್ನು ದಾಟಿ ಇಂಗ್ಲಿಷಿಗೆ ಬಂದವರು. ಶ್ಲೇಷೆ ಮಾಡುವಷ್ಟು ಸಲಿಗೆ ಒಂದು ಭಾಷೆಯೊಡನೆ ಬರಬೇಕಾದರೆ ಆ ಭಾಷೆಯ ಭಯ ಹೋಗಿರಬೇಕು.

ಬರಿಗಾಲಿನ ಆಟವನ್ನು ಹೊಗಳಿ ಹಾಡುವವರಿಗೆ ಒಂದು ಎಚ್ಚರಿಕೆಯೂ ಬೇಕು. 1948ರ ಆ ದಿನಗಳಲ್ಲಿ ಲಂಡನ್ನಿನಲ್ಲಿ ಬಿಸಿಲಿತ್ತು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಬೇರೊಂದು ಭಾರತ ತಂಡ ಹೆಚ್ಚಾಗಿ ಬರಿಗಾಲಿನಲ್ಲಿಯೇ ಆಡಿ ಯುಗೋಸ್ಲಾವಿಯಕ್ಕೆ ಹತ್ತಕ್ಕೆ ಒಂದು ಗೋಲಿನಿಂದ ಸೋತಿತು. ಆ ಬಳಿಕ ಭಾರತದಲ್ಲಿಯೂ ಬೂಟು ಕಡ್ಡಾಯವಾಯಿತು. ತಾಲಿಮೆರೆನ್ನರ ಚಮತ್ಕಾರದ ಮಾತು ಚೆನ್ನಾಗಿದೆ. ಆದರೆ ಆಟ ಬೂಟಿನ ಕಡೆಗೇ ಹೋಯಿತು.

ಒಲಿಂಪಿಕ್ಸಿನ ಬಳಿಕ ತಂಡ ಯುರೋಪಿನಲ್ಲಿ ಕೆಲವು ಸ್ನೇಹಪಂದ್ಯಗಳನ್ನಾಡಿತು. ಹಾಲೆಂಡಿನ ಹೆಸರಾಂತ ಅಯಾಕ್ಸ್ ತಂಡವನ್ನು ಐದಕ್ಕೆ ಒಂದು ಗೋಲಿನಿಂದ ಸೋಲಿಸಿತು. ಇದೇ ಸಂದರ್ಭದಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬು ತಾಲಿಮೆರೆನ್ನರಿಗೆ ತನ್ನ ಪರವಾಗಿ ಆಡುವ ಆಹ್ವಾನ ಕೊಟ್ಟಿತೆಂದೂ, ವೈದ್ಯಕೀಯ ಓದನ್ನು ಮುಗಿಸಬೇಕೆಂಬ ಕಾರಣಕ್ಕೆ ಅವರು ಒಲ್ಲೆನೆಂದರೆಂದೂ ಕಥೆಯಿದೆ. ನಾಗಾಲ್ಯಾಂಡಿನಲ್ಲಿಯೂ ಕಲಕತ್ತೆಯಲ್ಲಿಯೂ ಈ ಕಥೆಯನ್ನು ಅಭಿಮಾನದಿಂದ ಹೇಳುತ್ತಾರೆ. ಇದನ್ನು ಹೇಳಿಕೆಯಾಗಿಯೇ ಮಕ್ಕಳ ಮುಂದಿಡುವುದು ಲೇಸು. ಆರ್ಸೆನಲ್ ಆ ವರ್ಷದ ಇಂಗ್ಲಿಷ್ ಲೀಗಿನ ವಿಜೇತ ತಂಡ ಎಂಬುದು ಖಚಿತ. ಅಂದಿನ ಇಂಗ್ಲೆಂಡಿನಲ್ಲಿ ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ ಹನ್ನೆರಡು ಪೌಂಡಿಗಿಂತ ಹೆಚ್ಚು ವೇತನ ಕೊಡುವಂತಿಲ್ಲವೆಂಬ ಕಟ್ಟಳೆ ಇದ್ದುದೂ ಖಚಿತ. ಇಂದಿನ ಕೋಟಿಗಳ ಲೆಕ್ಕವನ್ನು ಅಂದಿಗೆ ಹೊಂದಿಸಿ, ಅವರು ಕುಬೇರನ ಸಂಪತ್ತನ್ನು ಒದ್ದು ಬಂದರೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಇಷ್ಟಂತೂ ಕಣ್ಣಿಗೆ ಕಾಣುವ ಸಂಗತಿ: ಅವರು ಹಿಂದಿರುಗಿದರು, ಕಾಲೇಜಿಗೆ ಹೋದರು, 1950ರಲ್ಲಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ತಂದೆ ತೀರಿಕೊಂಡು ಆಗ ಹದಿನೈದು ವರ್ಷಗಳಾಗಿದ್ದುವು.

ವೈದ್ಯರಾಗಿ ಅವರು ಮೊದಲು ಅಸ್ಸಾಮಿನ ದಿಬ್ರೂಗಢದ ವೈದ್ಯಕೀಯ ಕಾಲೇಜಿನಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಕೆಲಸ ಮಾಡಿದರು. ಆ ಕಾಲೇಜು ಆಗಷ್ಟೇ, 1947ರಲ್ಲಿ, ಆರಂಭವಾಗಿತ್ತು. 1953ರಲ್ಲಿ ಸಹಾಯಕ ಸಿವಿಲ್ ಸರ್ಜನ್ನರಾಗಿ ಕೊಹಿಮಾಕ್ಕೆ ಬಂದರು. ಮೋಹನ್ ಬಗಾನಿನ ಆಟ ಅಷ್ಟರಲ್ಲಿ ಮುಗಿದಿತ್ತು.

ಕೊಹಿಮಾಕ್ಕೆ ಬಂದ ಕಾಲ ಸುಖದ ಕಾಲವಲ್ಲ. ಯುದ್ಧದಲ್ಲಿ ನೆಲಸಮವಾದ ಊರು ಇನ್ನೂ ಎದ್ದು ನಿಲ್ಲುತ್ತಿತ್ತು. ನಾಗಾ ಬೆಟ್ಟಗಳಲ್ಲಿ ರಾಜಕೀಯ ಸಂಘರ್ಷ ಸಶಸ್ತ್ರ ಹೋರಾಟವಾಗಿ ಬೆಳೆಯಿತು. 1956ರ ಹೊತ್ತಿಗೆ ಸೇನೆ ಬಂದಿತು. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷ ಅಧಿಕಾರ ಕಾಯಿದೆ ಬಂದಿತು. ಒಲಿಂಪಿಕ್ಸಿನಲ್ಲಿ ಭಾರತದ ಧ್ವಜ ಹಿಡಿದು ನಡೆದ ನಾಗಾ ಮನುಷ್ಯನು ಅಂಥ ವರ್ಷಗಳಲ್ಲಿ ಆ ನೆಲದ ಸರಕಾರಿ ವೈದ್ಯನಾಗಿದ್ದನು. ಆ ನೆಲೆಯ ಕಷ್ಟವನ್ನು ಊಹಿಸುವುದು ಕಷ್ಟವಲ್ಲ. ಅದರ ಬಗ್ಗೆ ಉದ್ದುದ್ದ ಮಾತು ಕಟ್ಟುವುದು ಮಾತ್ರ ಸಲ್ಲದು. ಆಸ್ಪತ್ರೆಗೆ ಬರುವ ಜ್ವರಕ್ಕೂ ಗಾಯಕ್ಕೂ ಪಕ್ಷವಿಲ್ಲ. 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ರಾಜ್ಯವಾಯಿತು. ತಾಲಿಮೆರೆನ್ ಮುಂದೆ ಆ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾದರು. 1978ರಲ್ಲಿ ನಿವೃತ್ತರಾದರು.

ಆಟದ ಬಯಲಿನಲ್ಲಿ ಮೆರೆದವರ ಉತ್ತರಾರ್ಧ ಹಲವು ವೇಳೆ ನೋವಿನದು. ಹೆಸರು ಮಾಸುತ್ತದೆ, ಕೆಲಸವಿರುವುದಿಲ್ಲ, ಹಳೆಯ ಪದಕವೊಂದು ಗೋಡೆಯ ಮೇಲೆ ಉಳಿಯುತ್ತದೆ. ತಾಲಿಮೆರೆನ್ನರ ಬದುಕಿನಲ್ಲಿ ಆಟ ಮುಗಿದಾಗ ಅವರ ವಯಸ್ಸು ಮೂವತ್ತನಾಲ್ಕು. ಕೆಲಸದ ವರ್ಷಗಳು ಅದರ ಬಳಿಕವೇ ಹೆಚ್ಚು. ಒಂಬತ್ತು ವರ್ಷಗಳ ಮೋಹನ್ ಬಗಾನ್ ಎದುರಿಗೆ ಕಾಲು ಶತಮಾನಕ್ಕೂ ಮಿಕ್ಕಿದ ವೈದ್ಯವೃತ್ತಿ. ಅದರೂ ಕೂಡ, ಬಯಲಿನ ತೊಂಬತ್ತು ನಿಮಿಷಗಳನ್ನು ಎಲ್ಲರೂ ಬರೆದಿಟ್ಟರು. ಆಸ್ಪತ್ರೆಯ ವರ್ಷಗಳನ್ನು ಬರೆದಿಟ್ಟವರು ಕಡಮೆ. ಆಟದ ಕಥೆ ಹೇಳುವಾಗ ಈ ಭಾಗವನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವ ಪಠ್ಯಗಳೇ ಹೆಚ್ಚು. ತರಗತಿಯಲ್ಲಿ ಈ ಪಾಠವನ್ನು ಹೇಳುವವರು ಬೇಕಾದರೆ ಇಲ್ಲಿಂದಲೇ ಆರಂಭಿಸಬಹುದು: ಕೊಹಿಮಾದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರಿದ್ದರು, ಅವರು ಹಿಂದೆ ದೇಶದ ಪರವಾಗಿ ಕಾಲ್ಚೆಂಡು ಆಡಿದ್ದರು ಎಂದು. ಕಥೆಯನ್ನು ತಿರುಗಿಸಿ ಹಿಡಿದರೆ ಮಕ್ಕಳು ಕೇಳುವ ಪ್ರಶ್ನೆಗಳೂ ಬೇರೆಯಾಗುತ್ತವೆ.

1998ರ ಸೆಪ್ಟೆಂಬರ್ 13ರಂದು, ಎಂಬತ್ತರ ವಯಸ್ಸಿನಲ್ಲಿ, ತಾಲಿಮೆರೆನ್ ತೀರಿಕೊಂಡರು. ಅಸ್ಸಾಮಿನ ಕಲಿಯಾಬರಿನಲ್ಲಿ ಅವರ ಹೆಸರಿನ ಕ್ರೀಡಾಂಗಣವಿದೆ. ಅವರು ಓದಿದ ಕಾಟನ್ ಕಾಲೇಜಿನಲ್ಲಿ ಅವರ ಹೆಸರಿನ ಒಳಾಂಗಣವಿದೆ. ಜನ್ಮಶತಮಾನೋತ್ಸವದ ವರ್ಷವಾದ 2018ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಈಶಾನ್ಯ ರಾಜ್ಯಗಳ ತಂಡಗಳು ಅವರ ನೆನಪಿನ ಕಾಲ್ಚೆಂಡು ಪಂದ್ಯಾವಳಿಯೊಂದರಲ್ಲಿ ಸೆಣಸಿವೆ. ಆ ಪಾರಿತೋಷಕದ ಹೆಸರು ಡಾ. ಟಿ. ಆವೋ ಟ್ರೋಫಿ. ಆಟದ ಬಯಲಿನಲ್ಲಿಯೂ ಅಲ್ಲಿಯ ಜನ ಅವರನ್ನು ಡಾಕ್ಟರೆಂದೇ ಕರೆಯುತ್ತಾರೆ.